ರಾಗಿಯ ರೇಟು, ಪೊಟ್ಟಣದ ರೇಟು

‘ಸಾವಯವ ತಿನ್ನುವಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿದೆ?’ ಸ್ನೇಹಿತೆಯರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತೇನೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಾವಯವ ಅಕ್ಕಿಯ ಬೆಲೆಯನ್ನು ಪಕ್ಕದ ಮೂಟೆಯ ಅಕ್ಕಿಯ ಬೆಲೆಗೆ ಹೋಲಿಸಿದರೆ ಯಾರಿಗಾದರೂ ಹಾಗನ್ನಿಸುತ್ತದೆ. ಆದರೆ ವರ್ಷಗಳಿಂದ ಮನೆಯ ಜಮಾಖರ್ಚು ಬರೆಯುತ್ತಿರುವ ನನಗೆ ಕಾಣುವ ಲೆಕ್ಕ ಬೇರೆ. ದಿನಸಿ ಬಿಲ್ಲು ಏರುವುದು ಅಕ್ಕಿ, ರಾಗಿಯಿಂದಲ್ಲ.

ಕೇಂದ್ರ ಸರ್ಕಾರದ 2022–23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯೂ ಅದನ್ನೇ ಹೇಳುತ್ತದೆ. ನಗರದ ಕುಟುಂಬಗಳ ತಿಂಗಳ ಖರ್ಚಿನಲ್ಲಿ ಧಾನ್ಯದ ಪಾಲು ಶೇ 3.64. ಪಾನೀಯ, ಸಂಸ್ಕರಿತ ಆಹಾರ, ಹೊರಗಿನಿಂದ ತಂದ ತಿಂಡಿ–ಊಟ ಎಲ್ಲ ಸೇರಿದ ಬಾಬ್ತಿನದ್ದು ಶೇ 10.64. ಹಳ್ಳಿಗಳಲ್ಲೂ ಧಾನ್ಯಕ್ಕೆ ಶೇ 4.91, ಆ ಇನ್ನೊಂದು ಬಾಬ್ತಿಗೆ ಶೇ 9.62. ಧಾನ್ಯಕ್ಕೆ ಒಂದೂವರೆ ಪಟ್ಟು ಬೆಲೆ ಕೊಟ್ಟರೂ ನಗರದ ಮನೆಯ ಒಟ್ಟು ಖರ್ಚು ಶೇ 2ರಷ್ಟೂ ಏರುವುದಿಲ್ಲ. ಪೊಟ್ಟಣಗಳನ್ನು ಸ್ವಲ್ಪ ಕಡಿಮೆ ಮಾಡಿದರೆ ಆ ಹಣ ಅಲ್ಲೇ ಹುಟ್ಟುತ್ತದೆ.

ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆ ಒಂದು ಗ್ರಾಂಗೆ ಬೀಳುವ ಬೆಲೆಯೂ ಅಚ್ಚಾಗಿರುತ್ತದೆ. ಅದನ್ನು ಸಾವಿರದಿಂದ ಗುಣಿಸಿ ನೋಡಿ. 20 ರೂಪಾಯಿಯ ಚಿಪ್ಸ್ ಪೊಟ್ಟಣದಲ್ಲಿ 50 ಗ್ರಾಂ ಇದ್ದರೆ ನಾವು ಕಿಲೋಗೆ 400 ರೂಪಾಯಿ ಕೊಟ್ಟಂತಾಯಿತು. ‘ರಾಗಿ’ ಎಂದು ದಪ್ಪಕ್ಷರದಲ್ಲಿ ಬರೆದ ಬಿಸ್ಕತ್ತುಗಳಲ್ಲಿ ಪದಾರ್ಥಗಳ ಪಟ್ಟಿಯನ್ನು ಓದಲೇಬೇಕು. ಹೆಚ್ಚು ತೂಕದ್ದನ್ನು ಮೊದಲು ಬರೆಯಬೇಕೆಂಬುದು ನಿಯಮ. ನಾನು ಓದಿದ ಹಲವು ಪಟ್ಟಿಗಳಲ್ಲಿ ಮೊದಲು ಇದ್ದದ್ದು ಗೋಧಿ ಹಿಟ್ಟು ಅಥವಾ ಮೈದಾ, ಬಳಿಕ ಸಕ್ಕರೆ, ಎಣ್ಣೆ. ರಾಗಿ ಎಲ್ಲೋ ಕೆಳಗೆ. 2025–26ಕ್ಕೆ ಸರ್ಕಾರ ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿಯೂ ಇಲ್ಲ. ಬೆಳೆದವರಿಗೆ ಅಷ್ಟು, ಅದರ ಹೆಸರು ಹೊತ್ತ ಬಿಸ್ಕತ್ತಿಗೆ ಅದರ ಎಷ್ಟೋ ಪಟ್ಟು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಕುರುಕಲು ತಿಂಡಿಗಳದ್ದೂ ಶೇ 5ಕ್ಕೆ ಬಂದಿದೆ. ಆದರೆ ಅಳೆದು ಕೊಡುವ ಬಿಡಿ ಧಾನ್ಯಕ್ಕೆ ತೆರಿಗೆಯೇ ಇಲ್ಲ, ಅದು ನಮಗಿರುವ ಅನುಕೂಲ.

ನಮ್ಮ ಮನೆಗೆ ರಾಗಿ ಬರುವುದು ಕುಣಿಗಲ್ ಕಡೆಯ ಒಬ್ಬ ರೈತರಿಂದ. ಗೊಬ್ಬರದ ಗುಂಡಿ, ಹೊಲ ಎರಡನ್ನೂ ಹೋಗಿ ನೋಡಿದ್ದೇವೆ. ಅವರ ಬಳಿ ಸರ್ಟಿಫಿಕೇಟ್ ಇಲ್ಲ. ತಾನು ಬೆಳೆದದ್ದನ್ನು ತಿನ್ನುವವರ ಕೈಗೆ ನೇರವಾಗಿ ಮಾರುವ ಸಣ್ಣ ರೈತರಿಗೆ ಸಾವಯವ ಪ್ರಮಾಣಪತ್ರ ಕಡ್ಡಾಯವೂ ಅಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಮಾತ್ರ ‘ಜೈವಿಕ್ ಭಾರತ್’ ಗುರುತು ನೋಡದೆ ಹೆಚ್ಚಿನ ಬೆಲೆ ಕೊಡುವುದಿಲ್ಲ. ಸುಗ್ಗಿ ಮುಗಿದ ಕೂಡಲೇ ವರ್ಷಕ್ಕಾಗುವಷ್ಟು ತರಿಸುತ್ತೇವೆ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇದ್ದ ಧಾನ್ಯ ಅದು, ಒಣ ಡಬ್ಬದಲ್ಲಿ ಒಂದು ವರ್ಷ ಧಾರಾಳವಾಗಿ ಇರುತ್ತದೆ. ಆಗಾಗ ಗಿರಣಿಗೆ ಒಯ್ಯಬೇಕು, ಅಷ್ಟೇ. ಒಂದಷ್ಟನ್ನು ಹುರಿಹಿಟ್ಟು ಮಾಡಿಸುತ್ತೇನೆ. ಬೆಲ್ಲ, ಕಾಯಿತುರಿ, ಹಾಲು ಹಾಕಿ ಕಲಸಿದರೆ ಸಂಜೆ ಶಾಲೆಯಿಂದ ಬಂದ ಮಕ್ಕಳಿಗೆ ಎರಡೇ ನಿಮಿಷದಲ್ಲಿ ತಿಂಡಿ ಸಿದ್ಧ. ಬಿಸ್ಕತ್ತಿನ ಖರ್ಚು ನಮ್ಮಲ್ಲಿ ಇಳಿದದ್ದು ಹೀಗೆ.

ಎಲ್ಲವೂ ಸಾವಯವವೇ ಆಗಬೇಕೆಂಬ ಹಟ ನನಗಿಲ್ಲ. ಸಾವಯವ ಸಕ್ಕರೆ, ಸಾವಯವ ಕುಕೀಸ್, ಸಾವಯವ ನೂಡಲ್ಸ್‌ಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಲಾರೆ. ಹೆಸರು ಏನಿದ್ದರೂ ಅವು ಕಾರ್ಖಾನೆಯ ಪೊಟ್ಟಣಗಳೇ. ದಿನವೂ ತಿನ್ನುವ ರಾಗಿ, ಅಕ್ಕಿ, ಬೇಳೆಗೆ ಹೆಚ್ಚು ಕೊಡುತ್ತೇನೆ. ತರಕಾರಿ ವಾರದ ಸಂತೆಯದ್ದು, ಆಯಾ ಋತುವಿನದ್ದು. ಅವರೆಕಾಯಿ ಕಾಲದಲ್ಲಿ ಅವರೆಕಾಯಿಯೇ.

ವರ್ಷದ ರಾಗಿಗೆ ನಗದು ಒಂದೇ ಸಲ ಹೊಂದಿಸುವುದು ಕಷ್ಟ ಎನ್ನುವವರಿಗೆ ಒಂದು ದಾರಿ ಇದೆ. ಕುರುಕಲಿನಲ್ಲಿ ಉಳಿದ ಹಣವನ್ನು ತಿಂಗಳು ತಿಂಗಳೂ ಒಂದು ಆರ್‌ಡಿಗೆ ಹಾಕಿ, ಡಿಸೆಂಬರ್‌ಗೆ ಅದು ಕೈಗೆ ಬರುವಂತೆ ನೋಡಿಕೊಳ್ಳಿ. ನಾವು ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಿತ್ತನೆಗೆ ಮೊದಲೇ ಅರ್ಧ ಹಣ ಕೊಡುತ್ತೇವೆ. ಆಷಾಢದಲ್ಲಿ ಆ ರೈತರು ಕೈಸಾಲಕ್ಕೆ ಬಡ್ಡಿ ಕಟ್ಟುವುದು ತಪ್ಪುತ್ತದೆ, ನಮಗೆ ದರ ಮೊದಲೇ ಗೊತ್ತಿರುತ್ತದೆ. ಮಳೆ ಕೈಕೊಟ್ಟರೆ ಮುಂದಿನ ಬೆಳೆಯಲ್ಲಿ ಲೆಕ್ಕ ಸರಿಮಾಡಿಕೊಳ್ಳುವುದೆಂದು ಮಾತಾಗಿದೆ. ನಮ್ಮ ಬೀದಿಯ ಇನ್ನೆರಡು ಮನೆಯವರೂ ಈ ಸಲ ಸೇರಿಕೊಂಡಿದ್ದಾರೆ, ಆದ್ದರಿಂದ ಸಾಗಣೆಯ ಖರ್ಚನ್ನು ಮೂರು ಪಾಲು ಮಾಡಿಕೊಳ್ಳುತ್ತೇವೆ.