ದತ್ತಿಯಿಂದ ಠರಾವಿನವರೆಗೆ: ಸ್ಥಳೀಯ ಆಡಳಿತದ ದಾನಪತ್ರಗಳನ್ನು ಓದುವ ಬಗೆ

ಶಾಸನ ಪಾಠದಲ್ಲಿ ದತ್ತಿಯ ಭಾಗ ಬಂದೊಡನೆ ವಿದ್ಯಾರ್ಥಿಗಳ ಗಮನ ಸಡಿಲುವುದುಂಟು. ರಾಜನ ಬಿರುದು, ಯುದ್ಧ, ವಂಶಾವಳಿ ಮುಗಿದ ಮೇಲೆ ಉಳಿಯುವುದು ಇಷ್ಟು ನಿವರ್ತನ ಭೂಮಿ, ಇಷ್ಟು ಮನೆ, ದೀಪಕ್ಕೆ ಇಷ್ಟು ಎಂಬ ಲೆಕ್ಕ ಮಾತ್ರ. ಆದರೆ ಶಾಸನವನ್ನು ಕಲ್ಲಿಗೇರಿಸಿದ್ದೇ ಆ ಲೆಕ್ಕಕ್ಕಾಗಿ. ಒಂದು ಊರು ತನ್ನ ಆದಾಯದಲ್ಲಿ ಎಷ್ಟನ್ನು ಶಾಲೆಗೆ, ಛತ್ರಕ್ಕೆ, ಗುಡಿಗೆ ಕೊಡಬೇಕೆಂದು ಹೇಗೆ ನಿರ್ಧರಿಸಿತು ಎಂಬುದು ತಿಳಿಯುವುದು ಅಲ್ಲಿಯೇ.

ಜತ್ತದ ಪೂರ್ವಕ್ಕಿರುವ ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ ಇದಕ್ಕೆ ತಕ್ಕ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ತ್ರಯೀಪುರುಷ ದೇವಾಲಯವನ್ನೂ ವಿದ್ಯಾಶಾಲೆಯನ್ನೂ ಕಟ್ಟಿಸಿದನು. ನಾನಾ ದೇಶಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ವೆಚ್ಚಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ದೊರೆತವು. ಇದು ದೊಡ್ಡವನೊಬ್ಬನ ಔದಾರ್ಯವೆಂದು ಮುಂದೆ ಸಾಗಬಹುದಾಗಿತ್ತು. ಆದರೆ ಊರವರೂ ಒಂದು ಕಟ್ಟು ಮಾಡಿಕೊಂಡರು. ಮದುವೆಯಾದಾಗ ಐದು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ ಎಂದು ಶಾಲೆಗೆ ಸಲ್ಲಬೇಕಾದ ಪಾಲನ್ನು ಗೊತ್ತುಮಾಡಿದರು. ಮಂತ್ರಿ ಕೊಟ್ಟದ್ದು ದತ್ತಿ. ಊರು ಕೊಟ್ಟದ್ದು ವಂತಿಗೆ. ವಂತಿಗೆಯನ್ನು ಕೊಡುವವನ ಸುಖದ ದಿನಕ್ಕೆ, ಕೈಯಲ್ಲಿ ಹಣವಿರುವ ದಿನಕ್ಕೆ ಜೋಡಿಸಿದ ಜಾಣ್ಮೆಯನ್ನು ಇಂದಿನ ಯಾವ ಆಯವ್ಯಯ ಪತ್ರಿಕೆಯಲ್ಲಿಯೂ ಕಾಣುವುದು ಕಷ್ಟ.

ದತ್ತಿ ಶಾಸನವೊಂದನ್ನು ಕೈಗೆತ್ತಿಕೊಂಡಾಗ ಐದು ಪ್ರಶ್ನೆಗಳನ್ನು ಕೇಳಬೇಕು. ಕೊಟ್ಟವರು ಯಾರು? ಪಡೆದವರು ಯಾರು? ಉದ್ದೇಶವೇನು? ಯಾವ ಮೂಲದಿಂದ ಕೊಟ್ಟರು? ಮುರಿದರೆ ಏನಾಗುವುದು? ಕೊನೆಯ ಪ್ರಶ್ನೆಗೆ ಉತ್ತರವಾಗಿಯೇ ಶಾಪಾಶಯ ಬರುತ್ತದೆ.

ಇವೇ ಪ್ರಶ್ನೆಗಳನ್ನು ಹಿಡಿದು ಜತ್ತ ತಾಲೂಕಿನ ಇಂದಿನ ಗ್ರಾಮ ಪಂಚಾಯತಿಯ ಸಭೆಯ ಇತಿವೃತ್ತವನ್ನು ಓದಿದರೆ ಸ್ವಾರಸ್ಯವಾದ ಸಂಗತಿಗಳು ಹೊಳೆಯುತ್ತವೆ. ಇಲ್ಲಿ ದಾನಪತ್ರದ ಹೆಸರು ಠರಾವು. ಮರಾಠಿಯಲ್ಲಿ 'ಠರಣೆ' ಎಂದರೆ ನಿಶ್ಚಯವಾಗುವುದು. ಅದರಿಂದ ಬಂದ 'ಠರಾವ' ಗಡಿಯ ಕನ್ನಡದಲ್ಲಿ ಉಕಾರಾಂತವಾಗಿ ಮನೆಮಾತಾಯಿತು. ಅನುದಾನವೆಂಬ ಶಬ್ದ ಎರಡೂ ಭಾಷೆಗೆ ಸಮಾನ. 'ಪಟ್ಟಿ' ಎಂಬ ಮಾತಂತೂ ವಿಶೇಷವಾದುದು: ಜಾತ್ರೆಗೆ ಊರವರು ಎತ್ತುವುದೂ ಪಟ್ಟಿ, ಪಂಚಾಯತಿಗೆ ಸಲ್ಲಿಸುವ ಘರಪಟ್ಟಿ, ಪಾಣಿಪಟ್ಟಿಗಳೂ ಪಟ್ಟಿಯೇ. ಸ್ವೇಚ್ಛೆಯ ವಂತಿಗೆಗೂ ಕಡ್ಡಾಯದ ಕರಕ್ಕೂ ಜನ ಒಂದೇ ಹೆಸರನ್ನಿಟ್ಟಿದ್ದಾರೆ.

ಕೊಡುವ ಮೂಲ ಯಾವುದು ಎಂಬಲ್ಲಿ ಹಳೆಯ ಊರಿಗೂ ಇಂದಿನ ಪಂಚಾಯತಿಗೂ ಅಂತರ ಹೆಚ್ಚು. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರವರೆಗೆ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಬದ್ಧವಾಗಿತ್ತು. ಉಳಿದ ಶೇ. 40 ಅಬದ್ಧವೆನಿಸಿದರೂ ಅದರಿಂದ ವೇತನವನ್ನಾಗಲಿ ಕಚೇರಿ ವೆಚ್ಚವನ್ನಾಗಲಿ ಭರಿಸುವಂತಿರಲಿಲ್ಲ. ಸ್ವಂತ ಉತ್ಪನ್ನದಲ್ಲಿಯೂ ಶೇ. 15 ಹಿಂದುಳಿದ ವರ್ಗಗಳಿಗೆ, ಶೇ. 10 ಮಹಿಳೆ ಮತ್ತು ಮಕ್ಕಳಿಗೆ, ಶೇ. 5 ಅಂಗವಿಕಲರಿಗೆ ಮೊದಲೇ ಮೀಸಲು. ಇವು ನ್ಯಾಯವಾದ ಮೀಸಲುಗಳೇ. ಆದರೆ ಬರದ ನಾಡಿನ ಸಣ್ಣ ಪಂಚಾಯತಿಯ ಘರಪಟ್ಟಿಯಲ್ಲಿ ದೀಪ, ನೀರು, ಸಿಬ್ಬಂದಿಯ ವೆಚ್ಚ ಕಳೆದ ಮೇಲೆ ಊರಿನ ವಾಚನಾಲಯದ ಹೆಸರಿನಲ್ಲಿ ಠರಾವು ಮಾಡಲು ಎಷ್ಟು ಉಳಿದೀತು? ಆದುದರಿಂದ ಪಂಚಾಯತಿ ಸಾಮಾನ್ಯವಾಗಿ ಕೊಡಬಲ್ಲುದು ಹಣಕ್ಕಿಂತ ಜಾಗ: ಒಂದು ಖೋಲಿ, ಅದಕ್ಕೊಂದು ದೀಪ. ಸಾಲೋಟಗಿಯಲ್ಲಿ ದೀಪಕ್ಕೆಂದೇ ಭೂಮಿ ಬಿಟ್ಟದ್ದು ಇಲ್ಲಿ ನೆನಪಾಗುತ್ತದೆ.

ವಾಚನಾಲಯದ ಮಾತು ಬಂದುದರಿಂದ ಗಡಿಯ ಎರಡೂ ಬದಿಯ ಕಾನೂನನ್ನು ಹೋಲಿಸುವುದು ಉಚಿತ. ಕರ್ನಾಟಕದ 1965ರ ಗ್ರಂಥಾಲಯ ಕಾಯ್ದೆ ಸ್ಥಳೀಯ ಸಂಸ್ಥೆಗಳ ಕರದ ಮೇಲೆ ಗ್ರಂಥಾಲಯ ಉಪಕರ ವಿಧಿಸಿ, ಸಾರ್ವಜನಿಕ ಗ್ರಂಥಾಲಯಗಳನ್ನು ಸರಕಾರದ ವ್ಯವಸ್ಥೆಗೆ ಒಪ್ಪಿಸಿತು. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಉಪಕರವಿಲ್ಲ. ಗ್ರಂಥಾಲಯ ನಡೆಸುವುದು ಊರವರು ಕಟ್ಟಿದ ನೋಂದಾಯಿತ ಸಂಸ್ಥೆ. ಪುಸ್ತಕ, ನಿಯತಕಾಲಿಕ, ಸದಸ್ಯರ ಸಂಖ್ಯೆ ನೋಡಿ ಅ, ಬ, ಕ, ಡ ಎಂದು ವರ್ಗೀಕರಿಸಿ ಸರಕಾರ ಅನುದಾನ ನೀಡುತ್ತದೆ. ಒಂದೆಡೆ ಓದುಗನು ಕರದಾತ. ಇನ್ನೊಂದೆಡೆ ಅವನೇ ಸಂಸ್ಥಾಪಕ. ಜತ್ತದಲ್ಲಿ ಕನ್ನಡ ಪುಸ್ತಕದ ಕಪಾಟೊಂದು ಇರಬೇಕಾದರೆ ಯಾರಾದರೂ ಏಳು ಜನ ಕೂಡಿ ಸಂಸ್ಥೆ ಕಟ್ಟಬೇಕು, 1860ರ ಸಂಘ ನೋಂದಣಿ ಕಾಯ್ದೆ ಮತ್ತು 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಗಳಡಿ ದಾಖಲಾಗಬೇಕು, ವರ್ಷವರ್ಷವೂ ಲೆಕ್ಕ ಪರಿಶೋಧಿಸಬೇಕು. ಇದನ್ನು ಮಾಡದೆ ಸರಕಾರ ಕನ್ನಡವನ್ನು ಮರೆತಿದೆಯೆಂದು ಭಾಷಣ ಮಾಡುವುದು ಸುಲಭ.

ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದಲೂ ಹೊರನಾಡ ಗಡಿಯ ಕನ್ನಡ ಸಂಸ್ಥೆಗಳಿಗೆ ನೆರವು ದೊರೆಯುವುದುಂಟು. ಹಾಗಾದಾಗ ಒಂದೇ ಸಂಸ್ಥೆ ಜತ್ತದಲ್ಲಿ ಮರಾಠಿಯಲ್ಲಿಯೂ ಬೆಂಗಳೂರಿಗೆ ಕನ್ನಡದಲ್ಲಿಯೂ ಅರ್ಜಿ ಬರೆಯಬೇಕಾಗುತ್ತದೆ. ದ್ವಿಭಾಷಾ ಪ್ರೌಢಿಮೆ ಇಲ್ಲಿ ಅಲಂಕಾರವಲ್ಲ, ಅನ್ನದ ಮಾತು.

ಠರಾವಿನ ಬಲವನ್ನು ಈ ತಾಲೂಕು ಬೇರೆ ಬಗೆಯಲ್ಲಿಯೂ ಕಂಡಿದೆ. ನೀರಿಲ್ಲದೆ ಬೇಸತ್ತ ನಲವತ್ತರಷ್ಟು ಹಳ್ಳಿಗಳು ಹಿಂದೆ ಕರ್ನಾಟಕವನ್ನು ಸೇರುತ್ತೇವೆಂದು ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಪ್ರಸ್ತಾಪಿಸಿ, ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನದ ಮಾತನ್ನೂ ಆಡಿದರು. ಆ ಬಳಿಕವೇ ಮ್ಹೈಸಾಳ ವಿಸ್ತೃತ ನೀರಾವರಿ ಯೋಜನೆಯ ಕಡತ ಚುರುಕಾಯಿತು. ಒಂದು ಪುಟದ ಬರಹ ಇಷ್ಟನ್ನು ಕದಲಿಸಬಲ್ಲುದಾದರೆ ಅದರ ವಾಕ್ಯರಚನೆಯನ್ನು ಅಭ್ಯಸಿಸುವುದು ವ್ಯರ್ಥವಲ್ಲ.

ಇನ್ನುಳಿದುದು ಶಾಪಾಶಯ. ದತ್ತಿಗೆ ತಪ್ಪಿದವನು ನರಕಕ್ಕೆ ಹೋಗುವನೆಂಬ ಮಾತು ಇಂದಿನ ಕಾಗದದಲ್ಲಿಲ್ಲ. ಆ ಸ್ಥಾನದಲ್ಲಿ ಉಪಯೋಗಿತಾ ಪ್ರಮಾಣಪತ್ರವಿದೆ. ಅದನ್ನು ಸಲ್ಲಿಸದವನಿಗೆ ಮುಂದಿನ ಕಂತು ಬಾರದು. ಹಳೆಯ ಶಾಪ ಕೊಟ್ಟುದನ್ನು ಕಸಿಯುವವನನ್ನೂ ಬೆದರಿಸುತ್ತಿತ್ತು. ಇಂದಿನ ಪತ್ರ ಪಡೆದವನನ್ನಷ್ಟೇ ಕಟ್ಟುತ್ತದೆ. ಮಂಜೂರಾದ ಅನುದಾನ ತಡವಾದರೆ ಕೊಡಬೇಕಾದವನಿಗೆ ಯಾವ ಶಾಪವೂ ಇಲ್ಲ.

ಅಭ್ಯಾಸ: ತಮ್ಮ ಊರಿನ ಪಂಚಾಯತಿಯಿಂದ ಯಾವುದಾದರೂ ಸಂಸ್ಥೆಗೆ ನೆರವು ನೀಡಿದ ಠರಾವಿನ ಪ್ರತಿಯೊಂದನ್ನು ವಿದ್ಯಾರ್ಥಿಗಳು ಪಡೆಯಬೇಕು, ಕೇಳಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಬಹುದು, ಉತ್ತರಕ್ಕೆ 30 ದಿನಗಳ ಅವಧಿ. ಅದನ್ನು ಕನ್ನಡಕ್ಕೆ ತಂದು, ಮೇಲಿನ ಐದು ಪ್ರಶ್ನೆಗಳಲ್ಲಿ ಯಾವುದಕ್ಕೆ ಅದರಲ್ಲಿ ಉತ್ತರವಿಲ್ಲವೆಂಬುದನ್ನು ಗುರುತಿಸಬೇಕು.