ತೊಟ್ಟಿನ ಸುತ್ತಲಿನ ಗುಳ್ಳೆಗಳು: ಭಯ ಬೇಡ, ಹಿಸುಕಲೂ ಬೇಡ

ಕಂಪ್ಲಿ ಕಡೆಯ ಹಳ್ಳಿಯೊಂದರಿಂದ ಚೊಚ್ಚಲ ಗರ್ಭಿಣಿಯೊಬ್ಬಳನ್ನು ಅವಳ ಅತ್ತೆ ಹೊಸಪೇಟೆಗೆ ನನ್ನ ಬಳಿ ಕರೆತಂದಿದ್ದರು. ಆಕೆಗೆ ಐದು ತಿಂಗಳು. ಸ್ತನದ ತೊಟ್ಟಿನ ಸುತ್ತ ಸಣ್ಣ ಗುಳ್ಳೆಗಳು ಎದ್ದಿದ್ದವು. ಸಂಕೋಚದಿಂದ ಒಂದು ತಿಂಗಳು ಯಾರಿಗೂ ಹೇಳಿರಲಿಲ್ಲ. ಮೊಡವೆಯೆಂದು ತಿಳಿದು ಎರಡನ್ನು ಸೂಜಿಯಿಂದ ಚುಚ್ಚಿ ಹಿಸುಕಿದ್ದಳು. ಅಲ್ಲಿ ಕೀವಾಗಿ ಜ್ವರವೂ ಬಂದಿತ್ತು. "ಇದು ಕ್ಯಾನ್ಸರೇ ಡಾಕ್ಟರೇ? ಕೂಸಿಗೆ ಈ ಹಾಲು ಕುಡಿಸಬಹುದೇ?" ಎಂದು ಅತ್ತೆ ಕೇಳಿದರು.

ಕೀವಿಗೆ ಔಷಧಿ ಕೊಡಬೇಕಾಯಿತು. ಉಳಿದ ಗುಳ್ಳೆಗಳಿಗೆ ಯಾವ ಔಷಧಿಯೂ ಬೇಕಾಗಲಿಲ್ಲ. ಏಕೆಂದರೆ ಅವು ರೋಗವೇ ಅಲ್ಲ.

ಏನಿವು?

ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದಲ್ಲಿ ಎಣ್ಣೆಯಂಥ ಜಿಡ್ಡನ್ನು ಸ್ರವಿಸುವ ಗ್ರಂಥಿಗಳಿವೆ. ಒಬ್ಬರಲ್ಲಿ ನಾಲ್ಕೈದು ಕಾಣಿಸಿದರೆ ಇನ್ನೊಬ್ಬರಲ್ಲಿ ಇಪ್ಪತ್ತಕ್ಕೂ ಹೆಚ್ಚು ಇರಬಹುದು. ಐರ್ಲೆಂಡಿನ ಪ್ರಸೂತಿ ತಜ್ಞ ಮಾಂಟ್‌ಗೊಮೆರಿ 1837ರಲ್ಲಿ ಇವುಗಳನ್ನು ಗರ್ಭಧಾರಣೆಯ ಲಕ್ಷಣವೆಂದು ವಿವರವಾಗಿ ಬರೆದ. ಆದ್ದರಿಂದ ಅವನ ಹೆಸರೇ ಇವುಗಳಿಗೆ ಉಳಿದಿದೆ. ಹರೆಯದಲ್ಲಿ, ಮುಟ್ಟಿನ ಮುಂಚಿನ ದಿನಗಳಲ್ಲಿ, ಮುಖ್ಯವಾಗಿ ಬಸುರಿ ಬಾಣಂತಿಯರಲ್ಲಿ ಹಾರ್ಮೋನುಗಳ ಪ್ರಭಾವದಿಂದ ಇವು ಉಬ್ಬುತ್ತವೆ. ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ.

ಇವುಗಳ ಜಿಡ್ಡು ತೊಟ್ಟು ಒಣಗಿ ಬಿರಿಯದಂತೆ ಕಾಯುತ್ತದೆ. ಇದರ ವಾಸನೆ ಕೂಸಿಗೆ ದಾರಿ ತೋರುತ್ತದೆ ಎಂದೂ ತಿಳಿದುಬಂದಿದೆ. ಮೂರು ದಿನದ ಶಿಶುಗಳ ಮೂಗಿನ ಬಳಿ ಈ ಸ್ರಾವವನ್ನು ಹಿಡಿದಾಗ ಅವು ಬಾಯಿ ಆಡಿಸಿದ್ದನ್ನು ಫ್ರಾನ್ಸಿನ ಸಂಶೋಧಕರು 2009ರಲ್ಲಿ ವರದಿ ಮಾಡಿದರು.

ಏನು ಮಾಡಬೇಕು?

ಸಂಡೂರಿನ ಕೆಂಪು ಧೂಳಿನಲ್ಲಿ, ಹಂಪಿ-ಕಮಲಾಪುರದ ಬಾಳೆ ತೋಟಗಳಲ್ಲಿ, ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ದುಡಿದು ಬರುವ ತಾಯಂದಿರು ಸೋಪು ಹಚ್ಚಿ ಗಸಗಸ ಉಜ್ಜಿಕೊಳ್ಳುವುದು ಸಹಜ. ಆದರೆ ಈ ಭಾಗಕ್ಕೆ ಬರೀ ನೀರು ಸಾಕು. ಸೋಪು ಜಿಡ್ಡನ್ನು ತೊಳೆದು ತೊಟ್ಟು ಬಿರಿಯುವಂತೆ ಮಾಡುತ್ತದೆ. ಸುಣ್ಣ, ಬೂದಿ, ಟೂತ್‌ಪೇಸ್ಟ್ ಹಚ್ಚಬೇಡಿ. ಚುಚ್ಚಬೇಡಿ, ಹಿಸುಕಬೇಡಿ. ಬೇಸಿಗೆಯಲ್ಲಿ ಸಡಿಲವಾದ ಹತ್ತಿಯ ಒಳಉಡುಪು ಧರಿಸಿ. ಕೂಸಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಆರು ತಿಂಗಳವರೆಗೆ ಅದೊಂದೇ ಸಾಕು. ಈ ಗುಳ್ಳೆಗಳಿಂದ ಹಾಲು ಕೆಡುವುದಿಲ್ಲ.

ವೈದ್ಯರಿಗೆ ಯಾವಾಗ ತೋರಿಸಬೇಕು?

ಗುಳ್ಳೆ ಕೆಂಪಾಗಿ ನೋಯುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ತಡಮಾಡಬೇಡಿ. ಸ್ತನದಲ್ಲಿ ಗಟ್ಟಿ ಗಂಟು, ತೊಟ್ಟಿನಿಂದ ರಕ್ತ, ಹೊಸದಾಗಿ ತೊಟ್ಟು ಒಳಸೇರುವುದು, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು, ಒಂದೇ ತೊಟ್ಟಿನಲ್ಲಿ ವಾಸಿಯಾಗದ ಇಸುಬು, ಇವು ಬೇರೆಯೇ ಮಾತು. ಇವುಗಳಲ್ಲಿ ನೋವಿಲ್ಲದಿದ್ದರೂ ಪರೀಕ್ಷೆ ಆಗಲೇಬೇಕು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ.

ಆ ಹುಡುಗಿಗೆ ಮುಂದೆ ಹೆರಿಗೆಯಾಯಿತು. ಕೂಸಿಗೆ ತಾಯಿಯ ಹಾಲೇ ಸಿಕ್ಕಿತು. ಆದರೆ ಆ ಒಂದು ತಿಂಗಳ ಭಯ ಅವಳಿಗೆ ಬೇಕಿರಲಿಲ್ಲ.