ಪರಮಾಣು ಪಾಠಕ್ಕೆ ಗೋಲಿ, ಸಾಸಿವೆ, ಹುಣಿಸೆಬೀಜ

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಬದುಕಿಡೀ ಸಾರಿದರು. ಅಂಥವರು ಓಡಾಡಿದ ಬಡಾವಣೆಯಲ್ಲಿ ಮಕ್ಕಳು ಪರಮಾಣುವನ್ನು ಬಾಯಿಪಾಠ ಮಾಡಬಾರದು. ಅಪ್ಪ ಅಮ್ಮ ರಾತ್ರಿ ಕೂತು ಅಂಟಿಸಿಕೊಡುವ ಥರ್ಮೋಕೋಲ್ ಮಾದರಿಯೂ ಬೇಡ. ಗಾಂಧಿಬಜಾರಿನ ದಿನಸಿ ಸಾಕು.

1. ಗೋಲಿಯಿಂದ ಶುರುಮಾಡಿ. ಅಗಲವಾದ ರಟ್ಟನ್ನು ನಾಲ್ಕು ಮೂಲೆಯಲ್ಲಿ ಕಲ್ಲಿಟ್ಟು ಎತ್ತರಿಸಿ, ಅಡಿಯಲ್ಲಿ ಮಕ್ಕಳಿಗೆ ಕಾಣದಂತೆ ಒಂದು ಮರದ ತುಂಡು ಇಡಿ. ಎಲ್ಲ ದಿಕ್ಕಿನಿಂದಲೂ ಗೋಲಿ ಉರುಳಿಸಲಿ. ಯಾವುದು ನೇರ ಹೋಯಿತು, ಯಾವುದು ಪುಟಿದು ಬಂತು ಎಂದು ಸೀಮೆಸುಣ್ಣದಲ್ಲಿ ಗುರುತಿಸಿ, ಒಳಗಿನ ಆಕಾರ ಊಹಿಸಲಿ. ಆಮೇಲೆ ಹೇಳಿ: 1909ರಲ್ಲಿ ಗೈಗರ್, ಮಾರ್ಸ್‌ಡನ್ ಚಿನ್ನದ ತೆಳು ಹಾಳೆಯತ್ತ ಆಲ್ಫಾ ಕಣ ಹಾಯಿಸಿದರು. ಬಹುಪಾಲು ದಾಟಿಹೋದವು, ಎಲ್ಲೋ ಕೆಲವು ಹಿಂದಕ್ಕೆ ಬಂದವು. 1911ರಲ್ಲಿ ರುದರ್‌ಫೋರ್ಡ್ ಅದರಿಂದ ಪರಮಾಣುವಿನ ನಡುವೆ ಬೀಜಕೇಂದ್ರ ಇದೆಯೆಂದು ತೀರ್ಮಾನಿಸಿದರು. ಕೊನೆಯಲ್ಲಿ ರಟ್ಟು ಎತ್ತಿ ತೋರಿಸಬೇಡಿ. ಮಕ್ಕಳು ಗೋಗರೆಯುತ್ತಾರೆ, ಆದರೂ ಬೇಡ. ರುದರ್‌ಫೋರ್ಡ್‌ಗೂ ಎತ್ತಿ ನೋಡಲು ಮುಚ್ಚಳ ಇರಲಿಲ್ಲ.

2. ಅಳತೆಗೆ ಮೈದಾನಕ್ಕೆ ಹೋಗಿ. ಒಂದು ಮಿಲಿಮೀಟರ್ ಸಾಸಿವೆಯನ್ನು ಹೈಡ್ರೋಜನ್ನಿನ ಬೀಜಕೇಂದ್ರ ಎಂದುಕೊಂಡರೆ ಎಲೆಕ್ಟ್ರಾನ್ ಸುಮಾರು 30 ಮೀಟರ್ ಆಚೆ. ಆಟದ ಬಯಲಿಲ್ಲದ ಚಾಮರಾಜಪೇಟೆಯ ಶಾಲೆಯಾದರೆ ಫುಟ್‌ಪಾತ್‌ನಲ್ಲಿ ಹೆಜ್ಜೆ ಎಣಿಸಿ. ನಡುವೆ ಏನಿದೆ ಎಂದು ಮಕ್ಕಳೇ ಕೇಳುತ್ತಾರೆ.

3. ಸುತ್ತು ಸುತ್ತಾಗಿ ರಂಗೋಲಿ ಹಾಕಿಸಿ, ಒಂದೊಂದು ಎಲೆಕ್ಟ್ರಾನ್‌ಗೆ ಒಂದೊಂದು ಕಾಳು ಇಡಿಸಿ. ಸೋಡಿಯಂಗೆ 2, 8, 1. ಕ್ಲೋರಿನ್‌ಗೆ 2, 8, 7. ಸೋಡಿಯಂನ ಹೊರಸುತ್ತಿನ ಕಾಳು ಕ್ಲೋರಿನ್‌ಗೆ ಹೋದರೆ ಅಡುಗೆ ಉಪ್ಪು. ಆದರೆ ಎಲೆಕ್ಟ್ರಾನ್ ಈ ಗೆರೆಯ ಮೇಲೆ ಓಡುವುದಿಲ್ಲವೆಂದು ಅವತ್ತೇ ತಿಳಿಸಿ, ಇಲ್ಲದಿದ್ದರೆ ಪಿಯುಸಿಯಲ್ಲಿ ಕಲಿತದ್ದನ್ನು ಮರೆಸಬೇಕಾಗುತ್ತದೆ.

4. ಚೌಕಾಬಾರದ ಹುಣಿಸೆಬೀಜ ತನ್ನಿ. ಒಂದು ಮೈ ಬಿಳಿಯಾಗುವಂತೆ ಉಜ್ಜಿದ ನೂರು ಬೀಜ ಚೆಲ್ಲಿ, ಬಿಳಿ ಮೇಲಾಗಿ ಬಿದ್ದವನ್ನು ತೆಗೆದಿಡಿ, ಉಳಿದವನ್ನು ಮತ್ತೆ ಚೆಲ್ಲಿ. ಪ್ರತಿ ಸಲ ಹೆಚ್ಚುಕಡಿಮೆ ಅರ್ಧ ಉಳಿಯುತ್ತವೆ. ವಿಕಿರಣಶೀಲ ಪರಮಾಣುಗಳು ಹೀಗೆ ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅರ್ಧಾಯು. ಯಾವ ಬೀಜ ಹೋಗುತ್ತದೆಂದು ಮೊದಲೇ ಹೇಳಲು ಯಾರಿಗಾದರೂ ಸಾಧ್ಯವೇ ಕೇಳಿ. ವಿಕಿರಣಶೀಲ ಪರಮಾಣುವಿನ ವಿಷಯದಲ್ಲೂ ಆಗುವುದಿಲ್ಲ.

5. ಹಳೆಯ ಸಿ.ಡಿ.ಯಲ್ಲಿ ಟ್ಯೂಬ್‌ಲೈಟಿನ (ಎಲ್‌ಇಡಿ ಅಲ್ಲ) ಪ್ರತಿಫಲನ ತೋರಿಸಿ. ಅದರೊಳಗಿನ ಪಾದರಸದ ಪರಮಾಣು ಸೂಸುವ ಹಸಿರು ಗೆರೆ ಬೇರೆಯಾಗಿ ಎದ್ದು ಕಾಣುತ್ತದೆ. ಹಳೇ ಕಾಲದ ಬಲ್ಬಿನಲ್ಲಿ ಬಣ್ಣಗಳು ಒಂದರೊಳಗೊಂದು ಬೆರೆತಿರುತ್ತವೆ. ಸಿ.ಡಿ.ಯನ್ನು ಸೂರ್ಯನ ಕಡೆ ತಿರುಗಿಸಬಾರದೆಂದು ಕೈಗೆ ಕೊಡುವ ಮೊದಲೇ ಗಟ್ಟಿಯಾಗಿ ಹೇಳಿ.